ತಂಗಿಗೆ ಲೂಪಸ್ ಇದೆ. ಕ್ರಿಯಾಟಿನಿನ್ ನಾರ್ಮಲ್, ಆದರೂ ಕಿಡ್ನಿ ಬಯಾಪ್ಸಿ ಅಂತಾರೆ. ಮಾಡಿಸಬೇಕಾ?

ಮುಧೋಳದ ಅಣ್ಣ

ಎಲ್ಲರಿಗೂ ನಮಸ್ಕಾರ. ನಾವು ಬಾಗಲಕೋಟೆ ಜಿಲ್ಲೆ, ಮುಧೋಳದ ಹತ್ತಿರದ ಹಳ್ಳಿಯವರು. ತಂಗಿಗೆ 24 ವರ್ಷ. ಮೂರು ವರ್ಷದ ಹಿಂದೆ ಅವಳಿಗೆ ಬೆರಳಿನ ಕೀಲೆಲ್ಲ ಬಾತು, ಕೂದಲು ಉದುರಿ, ಮುಖದ ಮೇಲೆ ಕೆಂಪಗೆ ಎದ್ದಿತ್ತು. ಸಂಧಿವಾತ ಅಂತ ಒಬ್ಬರು, ಅಲರ್ಜಿ ಅಂತ ಒಬ್ಬರು. ಒಂದು ವರ್ಷ ಅಲ್ಲಿ ಇಲ್ಲಿ ತಿರುಗಿದ ಮೇಲೆ ಲೂಪಸ್, ಅಂದರೆ ಮೈಯ ರಕ್ಷಣಾ ವ್ಯವಸ್ಥೆ ತನ್ನ ಮೈ ಮೇಲೆಯೇ ತಿರುಗಿಬೀಳುವ ರೋಗ ಅಂತ ಗೊತ್ತಾಯಿತು. ಗುಳಿಗೆ ಶುರುವಾದ ಮೇಲೆ ಆರಾಮಾದಳು. ಬಿ.ಎಡ್ ಮುಗಿಸಿದಳು, ಈಗ ಓಣಿಯ ಹುಡುಗರಿಗೆ ಟ್ಯೂಷನ್ ಹೇಳುತ್ತಾಳೆ.

ಹೋದ ತಿಂಗಳು ಬೆಳಗಾವಿಗೆ ತೋರಿಸಲು ಹೋದಾಗ ಮೂತ್ರದಲ್ಲಿ ಪ್ರೋಟೀನ್ 2+ ಬಂತು. ಮತ್ತೆ ಮಾಡಿಸಿದರೆ ಮೂತ್ರದ ಪ್ರೋಟೀನ್ ಕ್ರಿಯಾಟಿನಿನ್ ರೇಶಿಯೋ 1.6. ಬಿಪಿ 140/90. ಆದರೆ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ, ಕಿಡ್ನಿ ಸೋತರೆ ಏರುತ್ತದೆ) 0.8, ಪಕ್ಕದಲ್ಲೇ ನಾರ್ಮಲ್ ಅಂತ ಬರೆದಿದ್ದಾರೆ. ಆದರೂ ಡಾಕ್ಟರ್ ಕಿಡ್ನಿಯ ಚೂರು ತೆಗೆದು ಬಯಾಪ್ಸಿ ಮಾಡಲೇಬೇಕು ಅಂತಾರೆ.

ಮನೆಯಲ್ಲಿ ಮೂರು ದಿನದಿಂದ ಇದೇ ಜಗಳ. ಕಾಕಾ "ಚಲೋ ಇದ್ದ ಕಿಡ್ನಿಗೆ ಯಾಕ ಸೂಜಿ ಚುಚ್ಚಸ್ತೀರಿ" ಅಂತಾರೆ. ವಿಜಯಪುರ ಕಡೆಯಿಂದ ಒಂದು ಸಂಬಂಧ ಬಂದಿದೆ, ಅದು ಮುಗಿಯಲಿ ಆಮೇಲೆ ನೋಡೋಣ ಅಂತ ಅವ್ವ. ತಂಗಿಯನ್ನು ಕೇಳಿದರೆ ನನಗೇನೂ ನೋವೇ ಇಲ್ಲವಲ್ಲ ಅಂತಾಳೆ. ನನಗೂ ತಿಳಿಯುತ್ತಿಲ್ಲ. ಇದನ್ನು ದಾಟಿದವರು ಯಾರಾದರೂ ಇದ್ದರೆ ಹೇಳಿ.

ಗೋಕಾಕದ ಅಕ್ಕ

ತಮ್ಮಾ, ನನಗೆ ಲೂಪಸ್ ಬಂದು 11 ವರ್ಷ. ಕಿಡ್ನಿಗೆ ಬಂದು 8. ಆ "ನೋವೇ ಇಲ್ಲ" ಅನ್ನೋ ಮಾತು ನಾನೂ ಆಡಿದ್ದೆ. ಲೂಪಸ್ ಕಿಡ್ನಿಗೆ ಇಳಿದಾಗ ನೋಯುವುದಿಲ್ಲ. ಕಲ್ಲಾದರೆ ನೋಯುತ್ತದೆ, ಇದು ಸುಮ್ನೆ ಒಳಗೇ ಕೆಲಸ ಮಾಡುತ್ತದೆ. ನನ್ನ ಕೀಲು ನೋವು ಪೂರ್ತಿ ನಿಂತಿತ್ತು, ಮುಖದ ಕೆಂಪೂ ಹೋಗಿತ್ತು, ರೋಗ ಹೋಯಿತು ಅಂತ ಅತ್ತೆಯವರು ಯಲ್ಲಮ್ಮನಿಗೆ ಉಡಿ ತುಂಬಿಸಿ ಬಂದರು. ಆಗ ಬಚ್ಚಲಲ್ಲಿ ನೊರೆ ಶುರುವಾಗಿತ್ತು. ಸಾಬೂನು ಪುಡಿ ಹಾಕಿದ ಹಾಗೆ, ಎರಡು ತಂಬಿಗೆ ನೀರು ಹಾಕಿದರೂ ಹೋಗದ ನೊರೆ. ಯಾರಿಗೆ ಹೇಳುವುದು ಅಂತ ಬಿಟ್ಟೆ. ಆಮೇಲೆ ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು, ಸಂಜೆ ಕಾಲುಂಗುರ ಒತ್ತುವಷ್ಟು ಪಾದ ಬಾವು. ಆಸ್ಪತ್ರೆಗೆ ಹೋದಾಗ ದಿನಕ್ಕೆ 4 ಗ್ರಾಂ ಪ್ರೋಟೀನ್ ಹೋಗುತ್ತಿತ್ತು.

ನಿಮ್ಮ ತಂಗಿಗೆ ಬಾವು ಬರುವ ಮೊದಲೇ ಸಿಕ್ಕಿದೆ. ಬಯಾಪ್ಸಿ ಮಾಡಿಸಿ.

ತಿಕೋಟಾ ದ್ರಾಕ್ಷಿ

ನನ್ನ ಅಭಿಪ್ರಾಯ ಬೇರೆ. ನಮ್ಮ ಸೋದರಮಾವನಿಗೆ ಕಿಡ್ನಿ ಸೂಜಿ ಹಾಕಿದ ಮೇಲೆ ಎರಡು ದಿನ ಮೂತ್ರ ಕೆಂಪಗೆ ಬಂತು. ರೇಶಿಯೋ ಅಷ್ಟು ಜಾಸ್ತಿ ಏನಿಲ್ಲ. ಮೊದಲು ಗುಳಿಗೆ ಕೊಟ್ಟು ನೋಡಬಹುದಲ್ವಾ? ನಮ್ಮ ಕಡೆ ಒಬ್ಬರು ಭಸ್ಮ ಕೊಡುತ್ತಾರೆ, ಕಿಡ್ನಿಗೆ ಅಂತಲೇ, ದೂರದಿಂದ ಜನ ಬರುತ್ತಾರೆ. ಬೇಕಿದ್ದರೆ ವಿಳಾಸ ಕಳಿಸುತ್ತೇನೆ.

ಲ್ಯಾಬ್‌ನವ, ಬೆಳಗಾವಿ

ಭಸ್ಮದ ವಿಚಾರ ದಯವಿಟ್ಟು ಬೇಡ ಸರ್. ಕೆಲವು ಭಸ್ಮಗಳಲ್ಲಿ ಪಾದರಸ, ಸೀಸ ಇರುತ್ತವೆ. ಅವೇ ಕಿಡ್ನಿಗೆ ವಿಷ. ಮೊದಲೇ ಉರಿಯುತ್ತಿರುವ ಕಿಡ್ನಿಗೆ ಅದನ್ನು ಸುರಿದರೆ ಆಮೇಲೆ ಯಾವುದರಿಂದ ಹಾಳಾಯಿತು ಅಂತಲೂ ತಿಳಿಯುವುದಿಲ್ಲ.

ಮುಧೋಳದ ಅಣ್ಣಾರೇ, ಆ 0.8 ಬಗ್ಗೆ ಒಂದು ಮಾತು. ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ಕುಸ್ತಿ ಆಡುವವನಿಗೆ 1.2 ಇದ್ದರೂ ನಡೆಯುತ್ತದೆ, 45 ಕೆಜಿ ಹುಡುಗಿಗೆ ಅದೇ 1.2 ಬಂದರೆ ಚಿಂತೆ ಮಾಡಬೇಕು. ರಿಪೋರ್ಟಿನಲ್ಲಿ ಅಚ್ಚಾಗುವ ನಾರ್ಮಲ್ ಎಲ್ಲರಿಗೂ ಸೇರಿಸಿ ಬರೆದಿದ್ದು. ಇನ್ನೊಂದು, ಕಿಡ್ನಿಯ ಅರ್ಧದಷ್ಟು ಕೆಲಸ ನಿಲ್ಲುವವರೆಗೂ ಕ್ರಿಯಾಟಿನಿನ್ ನಾರ್ಮಲ್ ಗೆರೆಯೊಳಗೇ ಇರಬಹುದು. ಲೂಪಸ್‌ನಲ್ಲಿ ಮೊದಲು ಮಾತಾಡುವುದು ಮೂತ್ರ, ರಕ್ತ ಆಮೇಲೆ. ಅವಳ ಹಳೇ ರಿಪೋರ್ಟ್ ಇದ್ದರೆ ತೆಗೆದು ನೋಡಿ, ಮೊದಲು ಎಷ್ಟಿತ್ತು?

ಮೂತ್ರ ಕೊಡುವಾಗ ಮುಟ್ಟಿನ ದಿನ ಇರಲಿಲ್ಲ ತಾನೇ? ಹೆಣ್ಣುಮಕ್ಕಳು ನಾಚಿಕೆಯಿಂದ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಆ ದಿನಗಳಲ್ಲಿ ಕೊಟ್ಟರೆ ರಕ್ತ, ಪ್ರೋಟೀನ್ ಎರಡೂ ಸುಳ್ಳೇ ಜಾಸ್ತಿ ತೋರಿಸುತ್ತವೆ. ಮೂತ್ರದ ಸೋಂಕು ಇದ್ದರೂ ಹಾಗೆಯೇ.

ಮುಧೋಳದ ಅಣ್ಣ

ಟ್ರಂಕ್ ಪೂರಾ ಕೆಳಗೆ ಮಾಡಿ ಹುಡುಕಿದೆ ಸರ್. ಮೂರು ವರ್ಷದ ಹಿಂದೆ 0.5. ಒಂದೂವರೆ ವರ್ಷದ ಹಿಂದೆಯೂ 0.5. ಈಗ 0.8. ಕಾಕಾಗೆ ಮೂರೂ ಕಾಗದ ಸಾಲಾಗಿ ಇಟ್ಟು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಏನೂ ಮಾತಾಡದೆ ಹೊಲಕ್ಕೆ ಹೋದರು.

ಮುಟ್ಟು ಇರಲಿಲ್ಲವಂತೆ, ವೈನಿ ಕಡೆಯಿಂದ ಕೇಳಿಸಿದೆ. ಸೋಂಕೂ ಇಲ್ಲ ಅಂತ ರಿಪೋರ್ಟಿನಲ್ಲಿದೆ.

ಬನಹಟ್ಟಿ ಮಗ್ಗ

ನಾನು ಗಂಡಸು. ವಯಸ್ಸು 38. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಲೂಪಸ್ ಹೆಂಗಸರ ರೋಗ ಅಂತ ನನ್ನನ್ನು ಯಾರೂ ಪರೀಕ್ಷೆಯೇ ಮಾಡಿಸಲಿಲ್ಲ. ಹತ್ತು ರೋಗಿಗಳಲ್ಲಿ ಒಂಬತ್ತು ಜನ ಹೆಂಗಸರೇ, ಸರಿ. ಆದರೆ ಆ ಒಬ್ಬ ಗಂಡಸಿಗೆ ಬಂದರೆ ಕಿಡ್ನಿಗೆ ಹೊಡೆಯುವುದು ಜಾಸ್ತಿ ಅಂತೆ. ಅದು ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ.

ಮಗ್ಗದ ಮೇಲೆ ಕೂತು ಕೂತು ಕೀಲು ಹಿಡಿದಿವೆ ಅಂದುಕೊಂಡೆ. ನಮ್ಮಲ್ಲಿ ಒಬ್ಬರು ಸೊಂಟಕ್ಕೆ ಸೂಜಿ ಹಾಕುತ್ತಿದ್ದರು, ಡೈಕ್ಲೋಫೆನಾಕ್, ವಾರಕ್ಕೆ ಎರಡು ಸಲ. ಎದ್ದು ಓಡಾಡುವಷ್ಟು ಆರಾಮ. ಎರಡು ವರ್ಷ ಹೀಗೇ. ಆ ನೋವಿನ ಸೂಜಿ, ನೋವಿನ ಗುಳಿಗೆ ಕಿಡ್ನಿಯ ರಕ್ತದ ಹರಿವನ್ನೇ ಕಡಿಮೆ ಮಾಡುತ್ತವೆ. ಒಂದು ಕಡೆ ಲೂಪಸ್, ಇನ್ನೊಂದು ಕಡೆ ಸೂಜಿ. ಉಸಿರು ಕಟ್ಟಿ ದವಾಖಾನೆಗೆ ಹೊತ್ತುಕೊಂಡು ಹೋದಾಗ ಕ್ರಿಯಾಟಿನಿನ್ 9. ಎರಡೂ ಕಿಡ್ನಿ ಸಣ್ಣಗಾಗಿದ್ದವು, ಬಯಾಪ್ಸಿ ಮಾಡಿ ಉಪಯೋಗವಿಲ್ಲ ಅಂದರು.

ಈಗ ವಾರಕ್ಕೆ ಎರಡು ದಿನ ಸರ್ಕಾರಿ ದವಾಖಾನೆಯಲ್ಲಿ ಡಯಾಲಿಸಿಸ್. ದುಡ್ಡು ಕೊಡಬೇಕಿಲ್ಲ, ಅದು ಉಚಿತ. ಕಷ್ಟ ಇರುವುದು ನೀರಿನಲ್ಲಿ. ಇಡೀ ದಿನಕ್ಕೆ ಸುಮಾರು ಒಂದು ಲೀಟರ್, ಚಹಾ ಸಾರು ಎಲ್ಲ ಸೇರಿ, ನಮ್ಮ ಮೇ ತಿಂಗಳ ಬಿಸಿಲಿನಲ್ಲಿ. ವಿಚಿತ್ರ ಏನೆಂದರೆ ಡಯಾಲಿಸಿಸ್ ಶುರುವಾದ ಮೇಲೆ ಲೂಪಸ್ ತಣ್ಣಗಾಗಿದೆ. ಬಹಳ ಜನಕ್ಕೆ ಹೀಗಾಗುತ್ತದೆ ಅಂದರು ಡಾಕ್ಟರ್. ಮನೆ ಸುಟ್ಟ ಮೇಲೆ ಬೆಂಕಿ ಆರಿದ ಹಾಗೆ. ತಾಯಿ ಕಿಡ್ನಿ ಕೊಡುತ್ತೇನೆ ಅಂದಿದ್ದಾಳೆ. ಲೂಪಸ್ ಇದ್ದವರಿಗೂ ಕಸಿ ಮಾಡುತ್ತಾರೆ, ರೋಗ ಆರು ತಿಂಗಳಾದರೂ ಸುಮ್ಮನಿರಬೇಕಂತೆ.

ಕಾಕಾ ಅವರಿಗೆ ನನ್ನ ಈ ಬರಹ ಓದಿ ಹೇಳಿ.

ಸಿಸ್ಟರ್, ವಿಜಯಪುರ

ಕಿಡ್ನಿ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಡ್ಯೂಟಿ ಮುಗಿಸಿ ಬಂದು ಬರೆಯುತ್ತಿದ್ದೇನೆ, ಉದ್ದ ಆದರೆ ಬೇಜಾರಾಗಬೇಡಿ.

ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಚಿಕ್ಕ ಚಿಕ್ಕ ಜರಡಿಗಳಿವೆ. ಜೋಳದ ಹಿಟ್ಟಿನ ಜರಡಿಯ ಹಾಗೆಯೇ, ಬೇಡದ್ದು ಕೆಳಗೆ, ಬೇಕಾದ್ದು ಮೇಲೆ. ಲೂಪಸ್‌ನಲ್ಲಿ ನಮ್ಮ ರಕ್ಷಣಾ ವ್ಯವಸ್ಥೆಗೆ ತನ್ನವರು ಯಾರು ಅನ್ನೋದು ಮರೆತುಹೋಗುತ್ತದೆ. ರೋಗಾಣು ಹೊಡೆಯಲು ಇರುವ ಪ್ರತಿಕಾಯಗಳನ್ನು ನಮ್ಮದೇ ಜೀವಕೋಶದ ಡಿಎನ್‌ಎ ಮೇಲೆ ತಯಾರಿಸುತ್ತದೆ. ಅವು ಗಂಟುಗಂಟಾಗಿ ರಕ್ತದಲ್ಲಿ ತಿರುಗಿ ಈ ಜರಡಿಗಳಲ್ಲಿ ಕೂರುತ್ತವೆ, ಕೆಲವು ಅಲ್ಲೇ ಹುಟ್ಟಿ ಅಲ್ಲೇ ಕೂರುತ್ತವೆ. ಕಾಲುವೆಯಲ್ಲಿ ಹೂಳು ತುಂಬುವುದನ್ನು ನೋಡಿದ್ದೀರಲ್ಲ, ಹಾಗೆ. ಬರೀ ಹೂಳಾಗಿದ್ದರೆ ಇಷ್ಟು ತೊಂದರೆ ಇರುತ್ತಿರಲಿಲ್ಲ. ಅದನ್ನು ಕಂಡು ಉರಿಯೂತದ ಕೋಶಗಳೆಲ್ಲ ಓಡಿ ಬರುತ್ತವೆ, ಜರಡಿಯನ್ನೇ ಹರಿದುಹಾಕುತ್ತವೆ. ಹರಿದ ಜರಡಿಯಿಂದ ಪ್ರೋಟೀನ್, ರಕ್ತದ ಕಣ ಸೋರುತ್ತವೆ. ನಿಮ್ಮ ತಂಗಿಯ ಕಾಗದದಲ್ಲಿ ಸಿ3, ಸಿ4 ಅಂತ ಇರಬಹುದು. ಆ ಗಲಾಟೆಯಲ್ಲಿ ಖರ್ಚಾಗುವ ವಸ್ತು ಅವು, ಅದಕ್ಕೇ ರೋಗ ಏರಿದಾಗ ರಕ್ತದಲ್ಲಿ ಇಳಿಯುತ್ತವೆ.

ದಿನಕ್ಕೆ ಅರ್ಧ ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಹೋಗುತ್ತಿದ್ದರೆ ಬಯಾಪ್ಸಿ ಯೋಚನೆ ಮಾಡುತ್ತಾರೆ. ರೇಶಿಯೋ 1.6 ಅಂದರೆ ಹೆಚ್ಚು ಕಡಿಮೆ ದಿನಕ್ಕೆ 1.6 ಗ್ರಾಂ. ತಿಕೋಟಾದವರು ಕೇಳಿದ್ದು ಸರಿಯಾದ ಪ್ರಶ್ನೆಯೇ, ಗುಳಿಗೆ ಕೊಟ್ಟೇ ನೋಡಬಹುದಲ್ಲ ಅಂತ. ಯಾವ ಗುಳಿಗೆ, ಎಷ್ಟು ಜೋರಿನದ್ದು ಅಂತ ತಿಳಿಯುವುದೇ ಬಯಾಪ್ಸಿಯಿಂದ. ಹಸಿ ಉರಿಯೂತ ಆದರೆ ಔಷಧಿಗೆ ಬಗ್ಗುತ್ತದೆ. ಒಣಗಿದ ಕಲೆ ಆಗಿದ್ದರೆ ಎಷ್ಟು ಸ್ಟೀರಾಯ್ಡ್ ಕೊಟ್ಟರೂ ಸುಮ್ನೆ ಮೈಗೆ ತೊಂದರೆ. ಮೂತ್ರದ ರಿಪೋರ್ಟ್ ಇವೆರಡನ್ನು ಬೇರೆ ಮಾಡಿ ಹೇಳುವುದಿಲ್ಲ.

ಮಾಡುವ ರೀತಿ ಹೀಗೆ. ಬೋರಲು ಮಲಗಿಸುತ್ತಾರೆ, ಹೊಟ್ಟೆಯ ಕೆಳಗೆ ದಿಂಬು. ಸ್ಕ್ಯಾನಿಂಗ್‌ನಲ್ಲಿ ಜಾಗ ನೋಡಿ ಬೆನ್ನಿಗೆ ಮರಗಟ್ಟುವ ಸೂಜಿ. ಉಸಿರು ಹಿಡಿ ಅಂತಾರೆ, ಟಕ್ ಅಂತ ಸ್ಟೇಪ್ಲರ್ ಸದ್ದು. ಬರುವುದು ಶ್ಯಾವಿಗೆ ಎಳೆಯಷ್ಟು ಸಣ್ಣ ತುಂಡು, ಉದ್ದ ಒಂದೆರಡು ಸೆಂಟಿಮೀಟರ್. ಆಮೇಲೆ ಆರೆಂಟು ಗಂಟೆ ಅಂಗಾತ ಅಲ್ಲಾಡದೆ ಮಲಗಬೇಕು, ಹುಡುಗಿಯರು ಅಳುವುದು ಅದಕ್ಕೇ, ಸೂಜಿಗಲ್ಲ. ಮೂತ್ರ ಕೆಂಪಾಗಬಹುದು, ಸಾಮಾನ್ಯವಾಗಿ ತಾನೇ ತಿಳಿಯಾಗುತ್ತದೆ. ಜೋರು ರಕ್ತಸ್ರಾವ ಅಪರೂಪ, ಆದರೆ ಆಗುವುದೇ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಅದಕ್ಕೇ ಒಂದು ರಾತ್ರಿ ಇಟ್ಟುಕೊಳ್ಳುತ್ತಾರೆ, ಮೊದಲೇ ಬಿಪಿ ಇಳಿಸುತ್ತಾರೆ, ರಕ್ತ ತೆಳು ಮಾಡುವ ಆಸ್ಪಿರಿನ್ ತರಹದ್ದು ನಿಲ್ಲಿಸುತ್ತಾರೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಖಾಸಗಿಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲು ತೆಗೆದುಕೊಳ್ಳಿ, ಅಡ್ಮಿಟ್ ಆದಮೇಲೆ ಓಡಾಡಬೇಡಿ.

ತಿಕೋಟಾ ದ್ರಾಕ್ಷಿ

ಸರಿ ಸಿಸ್ಟರ್. ವಿಳಾಸ ಕಳಿಸುವುದಿಲ್ಲ.

ಮುಧೋಳದ ಅಣ್ಣ, 19 ದಿನದ ನಂತರ

ಬಯಾಪ್ಸಿ ಆಯಿತು. ಕಾಕಾನೇ ಜೊತೆಗೆ ಬಂದಿದ್ದರು. ತಂಗಿ ಸೂಜಿಗೆ ಅಳಲಿಲ್ಲ, ಸಿಸ್ಟರ್ ಹೇಳಿದ ಹಾಗೆ ಅಂಗಾತ ಮಲಗಿದ್ದಕ್ಕೇ ಬೈದಳು. ಇವತ್ತು ರಿಪೋರ್ಟ್ ಬಂತು. ಕ್ಲಾಸ್ 4 ಅಂತ ಬರೆದಿದ್ದಾರೆ. ನಾಲ್ಕನೇ ಸ್ಟೇಜ್ ಅಂದರೆ ಕೊನೆಯದಲ್ವಾ? ಡಾಕ್ಟರ್ ಸಿಗುವುದು ನಾಳೆ. ಅವ್ವನಿಗೆ ಇನ್ನೂ ಹೇಳಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ.

ಸಿಸ್ಟರ್, ವಿಜಯಪುರ

ಅಣ್ಣಾ, ಮೊದಲು ನೀರು ಕುಡಿ. ಕ್ಲಾಸ್ ಅಂದರೆ ಸ್ಟೇಜ್ ಅಲ್ಲ. ಕ್ಯಾನ್ಸರಿನ ನಾಲ್ಕಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಈ ಹೆಸರು ಇಟ್ಟವರ ಮೇಲೆ ನನಗೆ ಬಹಳ ಸಿಟ್ಟಿದೆ, ವಾರ್ಡಿನಲ್ಲಿ ಎಷ್ಟು ತಾಯಂದಿರು ಇದೇ ಪದಕ್ಕೆ ಕುಸಿದು ಕೂತಿದ್ದಾರೆ.

ಒಂದರಿಂದ ಆರರವರೆಗೆ ಇದೆ. 1, 2 ಸೌಮ್ಯ. 3 ಅಂದರೆ ತುಂಡಿನಲ್ಲಿ ಕಂಡ ಜರಡಿಗಳಲ್ಲಿ ಅರ್ಧಕ್ಕಿಂತ ಕಡಿಮೆ ಉರಿಯುತ್ತಿವೆ, 4 ಅಂದರೆ ಅರ್ಧ ಅಥವಾ ಜಾಸ್ತಿ. 5 ಬೇರೆಯೇ ಜಾತಿ, ಪೊರೆ ದಪ್ಪಗಾಗಿ ಪ್ರೋಟೀನ್ ಬಹಳ ಸೋರುತ್ತದೆ. 6 ಮಾತ್ರ ಹೆಚ್ಚುಕಡಿಮೆ ಎಲ್ಲ ಕಲೆಯಾಗಿ ಮುಗಿದಿದ್ದು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಅಂತ ಮೆಟ್ಟಿಲು ಹತ್ತುವ ಲೆಕ್ಕವಲ್ಲ. 3 ಮತ್ತು 4ಕ್ಕೆ ಜೋರಾದ ಔಷಧಿ ಬೇಕು, ಔಷಧಿ ಕೇಳುವ ಸಾಧ್ಯತೆಯೂ ಚೆನ್ನಾಗಿದೆ. ಕಾಗದದಲ್ಲಿ ಆ್ಯಕ್ಟಿವಿಟಿ, ಕ್ರಾನಿಸಿಟಿ ಅಂತ ಎರಡು ಅಂಕ ಇರುತ್ತವೆ, ಅದನ್ನು ಹೇಳು. ಮೊದಲನೆಯದು ಹಸಿ ಬೆಂಕಿ, ಎರಡನೆಯದು ಕಲೆ.

ಮುಧೋಳದ ಅಣ್ಣ

ಆ್ಯಕ್ಟಿವಿಟಿ 24ಕ್ಕೆ 11. ಕ್ರಾನಿಸಿಟಿ 12ಕ್ಕೆ 1.

ಸಿಸ್ಟರ್, ವಿಜಯಪುರ

ಒಂದು! ಬೆಂಕಿ ಜೋರಿದೆ, ಕಲೆ ಇನ್ನೂ ಬಹಳ ಕಡಿಮೆ ಅಂತ ಅರ್ಥ. ಸರಿಯಾದ ಸಮಯಕ್ಕೆ ಹೋಗಿದ್ದೀರಿ. ಅವ್ವನಿಗೆ ಹೇಳುವಾಗ ನಾಲ್ಕು ಅನ್ನಬೇಡ, ಈ ಒಂದನ್ನು ಹೇಳು.

ಗೋಕಾಕದ ಅಕ್ಕ

ನನ್ನದೂ 4. ಎಂಟು ವರ್ಷ ಆಯಿತು, ನಿನ್ನೆ 40 ಹೋಳಿಗೆ ಮಾಡಿದ್ದೇನೆ.

ಮುಂದೆ ಏನಾಗಬಹುದು ಅಂತ ನನ್ನ ಅನುಭವ ಹೇಳುತ್ತೇನೆ, ನಿಮ್ಮ ಡಾಕ್ಟರ್ ಬೇರೆ ಹೇಳಿದರೆ ಅದನ್ನೇ ಕೇಳಿ. ಮೂರು ದಿನ ಸಲೈನ್‌ನಲ್ಲಿ ಸ್ಟೀರಾಯ್ಡ್. ಆಮೇಲೆ ಸ್ಟೀರಾಯ್ಡ್ ಗುಳಿಗೆ, ವಾರ ವಾರ ಇಳಿಸುತ್ತಾ ಹೋದರು. ಜೊತೆಗೆ ಮೈಕೋಫಿನೋಲೇಟ್, ರಕ್ಷಣಾ ವ್ಯವಸ್ಥೆಯ ಜೋರು ಇಳಿಸುವ ಗುಳಿಗೆ. ಕೆಲವರಿಗೆ ಅದರ ಬದಲು ಸೈಕ್ಲೋಫಾಸ್ಫಮೈಡ್ ಸೂಜಿ, 15 ದಿನಕ್ಕೊಂದರಂತೆ ಆರು. ಪ್ರೋಟೀನ್ ಸೋರುವುದನ್ನು ಹಿಡಿಯಲು ಒಂದು ಬಿಪಿ ಗುಳಿಗೆ. ಲೂಪಸ್‌ನ ಮೂಲ ಗುಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಅಂತೂ ಇದ್ದೇ ಇದೆ, ಅದನ್ನು ಬಿಡಬಾರದು, ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾಗೆ ಅದೇ ಮದ್ದು ಅಂತ ಸುದ್ದಿಯಾಗಿ ಮೆಡಿಕಲ್‌ಗಳಲ್ಲಿ ಒಂದು ಶೀಟೂ ಸಿಗದಂತಾಗಿತ್ತು. ನಮ್ಮ ಯಜಮಾನರು ಲಾಕ್‌ಡೌನ್‌ನಲ್ಲಿ ಪೊಲೀಸರಿಗೆ ಚೀಟಿ ತೋರಿಸುತ್ತಾ ಗೋಕಾಕದಿಂದ ಬೆಳಗಾವಿಗೆ ಬೈಕಿನಲ್ಲಿ ಹೋಗಿ ತಂದರು. ಅವತ್ತಿನಿಂದ ಮನೆಯಲ್ಲಿ ಎರಡು ತಿಂಗಳಿನದ್ದು ಇಟ್ಟುಕೊಂಡಿರುತ್ತೇನೆ.

ಸ್ಟೀರಾಯ್ಡ್‌ನಿಂದ ಮುಖ ಚಂದ್ರನ ಹಾಗೆ ಗುಂಡಗಾಗುತ್ತದೆ. ನಾದಿನಿ ಮದುವೆ ಫೋಟೋದಲ್ಲಿ ಚೆನ್ನಾಗಿ ಕಾಣಬೇಕು ಅಂತ ನಾನೇ ಗುಳಿಗೆ ನಿಲ್ಲಿಸಿದ್ದೆ, ಯಾರಿಗೂ ಹೇಳದೆ, 20 ದಿನ. ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಅಂತ ಗೊತ್ತಿರಲಿಲ್ಲ. ಅಕ್ಷತೆ ಹಾಕುವ ಹೊತ್ತಿಗೆ ತಲೆ ಸುತ್ತಿ ಬಿದ್ದೆ. ಆಮೇಲೆ ಪ್ರೋಟೀನ್ ಮತ್ತೆ 3 ಗ್ರಾಂ. ಫೋಟೋದಲ್ಲಿ ನಾನು ಇಲ್ಲವೇ ಇಲ್ಲ.

ಅಥಣಿ ವೈನಿ

ಮದುವೆ ವಿಚಾರ ಯಾರೂ ಮುಟ್ಟಲಿಲ್ಲ, ನಾನೇ ಹೇಳುತ್ತೇನೆ. ನನಗೂ ಲೂಪಸ್ ಕಿಡ್ನಿ, ಐದು ವರ್ಷದ ಮಗ ಇದ್ದಾನೆ. ಮೈಕೋಫಿನೋಲೇಟ್ ತೆಗೆದುಕೊಳ್ಳುವಾಗ ಬಸಿರು ನಿಲ್ಲಬಾರದು, ಮಗುವಿನ ಅಂಗಗಳಿಗೆ ತೊಂದರೆ. ನನಗೆ ಆರು ತಿಂಗಳಿಗಿಂತ ಜಾಸ್ತಿ ಪ್ರೋಟೀನ್ ತಣ್ಣಗಿದ್ದದ್ದು ನೋಡಿ, ಅದನ್ನು ನಿಲ್ಲಿಸಿ ಬಸಿರಿನಲ್ಲೂ ನಡೆಯುವ ಅಜಾಥಿಯೋಪ್ರಿನ್ ಗುಳಿಗೆಗೆ ಬದಲಿಸಿದರು. ಬಿಪಿ ಗುಳಿಗೆಯನ್ನೂ ಬದಲಿಸಿದರು. ಹೈಡ್ರಾಕ್ಸಿಕ್ಲೋರೋಕ್ವಿನ್ ಒಂಬತ್ತು ತಿಂಗಳೂ ನಡೆಯಿತು, ಸಣ್ಣ ಡೋಸ್ ಆಸ್ಪಿರಿನ್ ಜೊತೆ. ಮಗ 36 ವಾರಕ್ಕೆ ಹುಟ್ಟಿದ, ಈಗ ಕೈಗೆ ಸಿಗುವುದಿಲ್ಲ.

ಆದರೆ ಬೀಗರಿಗೆ ಮೊದಲೇ ಹೇಳಿ. ನಮ್ಮ ತವರಿನವರು ಹೇಳಿರಲಿಲ್ಲ. ಮದುವೆಯಾಗಿ ಒಂದು ವರ್ಷ ಗುಳಿಗೆಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗಿದ್ದೇನೆ. ತಪ್ಪಿದ ದಿನಗಳೇ ಜಾಸ್ತಿ. ನನ್ನ ರೋಗ ಆಗಲೇ ಏರಿದ್ದು.

ಮುಧೋಳದ ಅಣ್ಣ, ಮೂರೂವರೆ ತಿಂಗಳ ನಂತರ

ಬಹಳ ದಿನ ಆಯಿತು. ಗೋಕಾಕದ ಅಕ್ಕ ಹೇಳಿದ ಹಾಗೆಯೇ ನಡೆಯಿತು, ಮೂರು ದಿನ ಸಲೈನ್, ಆಮೇಲೆ ಗುಳಿಗೆ. ಮೂರು ತಿಂಗಳಿಗೆ ಪ್ರೋಟೀನ್ ಕಾಲು ಭಾಗವಾದರೂ ಇಳಿಯಬೇಕು, ಆರು ತಿಂಗಳಿಗೆ ಅರ್ಧ ಅಂತ ಡಾಕ್ಟರ್ ಗುರಿ ಇಟ್ಟಿದ್ದರು. 1.6 ಇದ್ದದ್ದು 0.9 ಆಗಿದೆ. ಕ್ರಿಯಾಟಿನಿನ್ 0.6. ಗುಳಿಗೆ ಕಡಿಮೆಯೆಂದರೂ ಮೂರು ವರ್ಷ ನಡೆಯಬೇಕಂತೆ.

ಒಂದು ಸಲ 24 ಗಂಟೆ ಮೂತ್ರ ಸಂಗ್ರಹಿಸಿ ತನ್ನಿ ಅಂದಿದ್ದರು. ಬೆಳಿಗ್ಗೆ ಮೊದಲನೆಯದು ಚೆಲ್ಲಿ, ಅಲ್ಲಿಂದ ಮರುದಿನ ಬೆಳಗಿನ ಮೊದಲನೆಯದರವರೆಗೆ ಎಲ್ಲ ಸೇರಿಸಿ, 5 ಲೀಟರ್ ಕ್ಯಾನ್. ಅದನ್ನು ಚೀಲದಲ್ಲಿ ಮುಚ್ಚಿಕೊಂಡು ಬೆಳಗಾವಿ ಬಸ್ಸಿನಲ್ಲಿ ಕಾಕಾ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಕಂಡಕ್ಟರ್ ಏನ್ರೀ ಅದು ಅಂದರೆ, ಕಬ್ಬಿನ ಹಾಲು ಅಂದುಬಿಟ್ಟರು.

ವಿಜಯಪುರದವರಿಗೆ ಹೇಳಿದೆವು. ಅವರು ಬೇಡ ಅಂದರು. ಅವ್ವ ಎರಡು ದಿನ ಊಟ ಮಾಡಲಿಲ್ಲ. ತಂಗಿ ಪಕ್ಕದಲ್ಲೇ ಕೂತಿದ್ದಾಳೆ, ತಾನೂ ಏನೋ ಕೇಳಬೇಕಂತೆ, ಫೋನ್ ಕೊಡುತ್ತೇನೆ.

ಅಕ್ಕಾ, ನಾನೇ ಅವರ ತಂಗಿ. ಎಲ್ಲ ಓದಿದ್ದೇನೆ. ಬಿಸಿಲಿಗೆ ಸೆರಗು, ಛತ್ರಿ, ಕ್ರೀಮ್ ಎಲ್ಲ ಮಾಡುತ್ತಿದ್ದೇನೆ. ಮುಖ ಗುಂಡಗಾಗಿದೆ, ಟ್ಯೂಷನ್ ಹುಡುಗರು ಲಾಡು ಟೀಚರ್ ಅಂತಾರೆ, ಹೋಗಲಿ. ಉಪ್ಪು ದಿನಕ್ಕೆ ಒಂದು ಚಿಕ್ಕ ಚಮಚ ದಾಟಬಾರದು ಅಂದರು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಟ್ಟೆ. ಕಡಿಮೆ ಸೋಡಿಯಂ ಉಪ್ಪು ತರಲಾ ಅಂತ ಅಣ್ಣ ಕೇಳಿದರೆ ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಬೇಡ ಅಂದರು. ಶೇಂಗಾ ಚಟ್ನಿ ಇಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿಲ್ಲ. ಏನು ಮಾಡಲಿ?

ಗೋಕಾಕದ ಅಕ್ಕ

ಶೇಂಗಾ ಸಣ್ಣ ಉರಿಯಲ್ಲಿ ಚೆನ್ನಾಗಿ ಹುರಿ ತಂಗಿ, ಸಿಪ್ಪೆ ಸ್ವಲ್ಪ ಕಪ್ಪಾಗಬೇಕು. ಬೆಳ್ಳುಳ್ಳಿ ಎರಡು ಪಟ್ಟು ಹಾಕು, ಜೀರಿಗೆ, ಖಾರದ ಪುಡಿ, ಒಣಗಿಸಿದ ಹುಣಸೆ ಚೂರು. ಒರಳಲ್ಲಿ ಕುಟ್ಟು, ಮಿಕ್ಸಿ ಬೇಡ. ಉಪ್ಪು ಹಾಕಲೇಬೇಡ. ತಿನ್ನುವಾಗ ಮೇಲೆ ಲಿಂಬೆ ಹಿಂಡಿಕೋ. ಮೊದಲ ವಾರ ಸಪ್ಪೆ ಅನ್ನಿಸುತ್ತದೆ. ನನಗೆ ಈಗ ಬೇರೆಯವರ ಮನೆಯ ಚಟ್ನಿ ಉಪ್ಪುಪ್ಪು.